ಹಾವಿನ ಬಣ್ಣಕ್ಕೂ ಒಂದು ಊರುಂಟು

ನಾನಿರುವ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಸುತ್ತಮುತ್ತ ಕಿಂಗ್‌ಸ್ನೇಕ್ ಎಂಬ ಹಾವು ಸಾಮಾನ್ಯ. ನಮ್ಮ ಕಾಳಿಂಗಕ್ಕೂ ಇದಕ್ಕೂ ನಂಟಿಲ್ಲ. ಮೂರು ನಾಲ್ಕು ಅಡಿಯ ಈ ಹಾವಿನಿಂದ ಮನುಷ್ಯರಿಗೆ ಅಪಾಯವಿಲ್ಲ, ಆದರೆ ವಿಷದ ರ‍್ಯಾಟಲ್‌ಸ್ನೇಕನ್ನೂ ನುಂಗಿ ಅರಗಿಸಿಕೊಳ್ಳುತ್ತದೆ. ಕರಾವಳಿಯಲ್ಲಿ ಇದರದು ಕಂದು ಮೈ, ಹಳದಿ ಬೆರೆತ ಕೆನೆಬಣ್ಣದ ಅಡ್ಡಪಟ್ಟೆ. ಬೆಟ್ಟ ದಾಟಿ ಅಂಜಾ-ಬೊರೆಗೊ ಮರುಭೂಮಿಗೆ ಇಳಿದರೆ ಅದೇ ಹಾವು ಕಡುಗಪ್ಪು, ಪಟ್ಟೆ ಸುಣ್ಣ ಬಳಿದಷ್ಟು ಬಿಳುಪು.

ಕರಾವಳಿಯಲ್ಲಿ ಇನ್ನೊಂದು ಬಗೆಯೂ ಇದೆ. ಅಡ್ಡಪಟ್ಟೆಯ ಬದಲು ಕತ್ತಿನಿಂದ ಬಾಲದವರೆಗೆ ಬೆನ್ನ ಮೇಲೆ ಉದ್ದಕ್ಕೆ ಒಂದೇ ಗೆರೆ. ನಮ್ಮ ಹಿತ್ತಲಿನ ಕಲ್ಲುಗೋಡೆಯ ಸಂದಿಯಿಂದ ಒಂದು ಸಂಜೆ ಹೊರಬಂದದ್ದು ಎರಡರ ನಡುವಿನದು. ಕತ್ತಿನ ಹಿಂದೆ ನೇರ ಗೆರೆ, ಹೊಟ್ಟೆಯ ಹತ್ತಿರ ಅದು ತುಂಡು ತುಂಡು, ಬಾಲದಲ್ಲಿ ಅಚ್ಚುಕಟ್ಟಾದ ಪಟ್ಟೆ. ಅವಸರವೇ ಇಲ್ಲದೆ ಪೊದೆಗೆ ಸರಿದುಹೋಯಿತು.

ಪಟ್ಟೆಯದು ಒಂದು ಜಾತಿ, ಗೆರೆಯದು ಇನ್ನೊಂದು ಎಂದು ಹಿಂದೆ ವಿಜ್ಞಾನಿಗಳು ಎಣಿಸಿದ್ದರು. ಅಲ್ಲ ಎಂದು ತೋರಿಸಿಕೊಟ್ಟವರು ಲಾರೆನ್ಸ್ ಕ್ಲಾಬರ್. ವೃತ್ತಿಯಲ್ಲಿ ಇಲ್ಲಿನ ವಿದ್ಯುತ್ ಕಂಪನಿಯ ಎಂಜಿನಿಯರ್. ಒಂದೇ ತಾಯಿಯ ಮೊಟ್ಟೆಗಳಿಂದ ಎರಡೂ ಬಗೆಯ ಮರಿಗಳು ಹೊರಬರುವುದನ್ನು ಅವರು 1936ರಿಂದ ಬರೆದ ಲೇಖನಗಳಲ್ಲಿ ದಾಖಲಿಸಿದರು. ನನಗೆ ಅಷ್ಟೇ ದೊಡ್ಡದಾಗಿ ಕಾಣುವುದು, ಯಾವ ಹಾವು ಎಲ್ಲಿ ಸಿಕ್ಕಿತು ಎಂದು ಅವರು ಇಟ್ಟ ಲೆಕ್ಕ. ಗೆರೆಯ ಹಾವು ಕರಾವಳಿಗೆ ಸೇರಿದ್ದು, ಮರುಭೂಮಿಯ ಕಡೆ ಕಾಣುವುದೇ ಇಲ್ಲವೆನ್ನುವಷ್ಟು ವಿರಳ ಎಂದು ಗೊತ್ತಾಗಿದ್ದು ಇಂಥ ಲೆಕ್ಕದಿಂದ.

ಸಾಕುಪ್ರಾಣಿ ಮಾರುಕಟ್ಟೆಗೆ ಈ ಲೆಕ್ಕ ಬೇಡ. ಚೆಂದ ಕಂಡ ಬಣ್ಣವನ್ನು ಇನ್ನೊಂದಕ್ಕೆ ಕೂಡಿಸಿ, ಬಿಳಿಚು ಮೈಯ ಕೆಂಗಣ್ಣಿನ ಮರಿ ಹುಟ್ಟಿಸಿ ಮಾರುತ್ತಾರೆ. ಆ ಮರಿಗೆ ಯಾವ ನೆಲವೂ ತನ್ನದಲ್ಲ. ಸಾಕಿದವರ ಕೈಯಿಂದ ತಪ್ಪಿಸಿಕೊಂಡರೆ, ಅಥವಾ ಅವರೇ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಸ್ಪೇನಿನ ಗ್ರಾನ್ ಕನೇರಿಯಾ ದ್ವೀಪದಲ್ಲಿ ನೋಡಬಹುದು. ಅಲ್ಲಿ ಮೂಲದಲ್ಲಿ ಹಾವೇ ಇರಲಿಲ್ಲ. 1998ರಲ್ಲಿ ಕ್ಯಾಲಿಫೋರ್ನಿಯಾದ ಕಿಂಗ್‌ಸ್ನೇಕ್ ಕಾಡಿನಲ್ಲಿ ಕಾಣಿಸಿಕೊಂಡಿತು. ಬಿಳಿಚು ಮೈಯವೂ ಗೆರೆಯವೂ ಸೇರಿ ಎಲ್ಲವೂ ಸಾಕಿದ ಹಾವುಗಳ ಸಂತಾನ. ಅವು ನೆಲೆಯೂರಿದ ಕಡೆ ದ್ವೀಪಕ್ಕೇ ವಿಶಿಷ್ಟವಾದ ದೊಡ್ಡ ಹಲ್ಲಿಗಳು ಶೇ 90ಕ್ಕೂ ಹೆಚ್ಚು ಕಡಿಮೆಯಾಗಿವೆ. ಹಾವಿನ ಭಯವನ್ನೇ ಅರಿಯದ ಹಲ್ಲಿಗಳವು. ವರ್ಷಗಟ್ಟಲೆ ಹಿಡಿದರೂ ಹಾವು ಮುಗಿದಿಲ್ಲ.

ಇದು ದೂರದ ಕಥೆಯೇನಲ್ಲ. 2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರಿಗೆ ಬಂದಿಳಿದ ಪ್ರಯಾಣಿಕರೊಬ್ಬರ ಬ್ಯಾಗಿನಲ್ಲಿ 10 ಹಳದಿ ಅನಕೊಂಡಾಗಳು ಸಿಕ್ಕಿದ್ದವು. ಕೊಳ್ಳುವವರಿದ್ದಾರೆ ಎಂದೇ ತರುವವರೂ ಇದ್ದಾರೆ. ದಯವಿಟ್ಟು ಬಣ್ಣಕ್ಕೆ ಮರುಳಾಗಿ ವಿದೇಶಿ ಹಾವು ಕೊಳ್ಳಬೇಡಿ. ಈಗಾಗಲೇ ಮನೆಯಲ್ಲಿದ್ದು, ಸಾಕಲು ಆಗದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಕೆರೆಯ ದಂಡೆಗೋ ಕಾಡಿನಂಚಿಗೋ ಮಾತ್ರ ಬಿಡಬೇಡಿ.