ದಂಡದ ಅಳತೆ

ಕೋಟುಮಚಗಿಯ 1012ರ ಶಾಸನದಲ್ಲಿ ಬೈದವನಿಗೆ ಇಷ್ಟು, ಹೊಡೆದವನಿಗೆ ಇಷ್ಟು, ಇರಿದವನಿಗೆ ಇಷ್ಟು ಎಂದು ದಂಡವನ್ನು ಅಳೆದು ಕಲ್ಲಿನಲ್ಲಿ ಬರೆದಿದೆ. ಇಂದು ಸೆರೆಮನೆ ಸೇರಿದ ಹೆಣ್ಣಿಗೆ ಆ ಅಳತೆ ಉಳಿದಿದೆಯೆ? ನ್ಯಾಯಾಧೀಶರು ವಿಧಿಸಿದ್ದು ಸೆರೆವಾಸವನ್ನು ಮಾತ್ರ. ಮಾನಹಾನಿಯನ್ನಲ್ಲ, ಮಗುವಿನ ಹಸಿವನ್ನಲ್ಲ.

ಸ್ತ್ರೀಯರನ್ನು ಬೇರೆಯಾಗಿ ಇರಿಸಬೇಕು, ಅವರ ಮೈ ಶೋಧನೆಯನ್ನು ಸ್ತ್ರೀಯರೇ ಮಾಡಬೇಕು ಎಂದು 1894ರ ಕಾರಾಗೃಹ ಕಾಯಿದೆಯೇ ಹೇಳಿತ್ತು. ಆ ಕಾಲಕ್ಕೆ ಸಮಾನತೆಯ ಮಾತು ಅಲ್ಲಿಗೇ ಮುಗಿದಿತ್ತೆನ್ನಬೇಕು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು, ತಾಯಿಯೊಡನಿರುವ ಮಗು ಕೈದಿಯಲ್ಲ, ಆರು ವರ್ಷದವರೆಗೆ ಅದು ಅವಳ ಬಳಿ ಇರಬಹುದು, ಅನ್ನ, ಔಷಧ, ಆಟ, ಪಾಠಗಳು ಅದರ ಹಕ್ಕು ಎಂದು ವಿಧಿಸಿತು. ಬಂದಿನಿಯನ್ನು ಆದಷ್ಟು ಮನೆಗೆ ಸಮೀಪದಲ್ಲಿ ಇರಿಸಬೇಕೆಂಬುದು 2010ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಬ್ಯಾಂಕಾಕ್ ನಿಯಮ. ಕೋಟುಮಚಗಿಯ ಕೂಲಿಕಾರನಿಗೆ ಬೆಳಗಾವಿಯ ಹಿಂಡಲಗಾ ಸೆರೆಮನೆ ಸಮೀಪವೆ? ಹೋಗಿಬಂದರೆ ಅಂದಿನ ಕೂಲಿ ಹೋಯಿತು; ಕಾಣಲು ಬರುವವರು ಕ್ರಮೇಣ ನಿಂತೇಹೋಗುತ್ತಾರೆ.

ಇನ್ನು ಕಾವಲಿನ ಮಾತು. ನಡುರಾತ್ರಿ ಬಸುರಿಯೊಬ್ಬಳಿಗೆ ನೋವು ಎದ್ದರೆ ಬೀಗ ತೆಗೆಯಬೇಕಾದವಳು ಕಾವಲಿನ ಹೆಣ್ಣುಮಗಳು. ಅವಳ ಹುದ್ದೆಯೇ ಬರಿದಾಗಿದ್ದರೆ ತೀರ್ಪು, ನಿಯಮಗಳೆಲ್ಲ ಕಪಾಟಿನೊಳಗೇ ಇರುತ್ತವೆ. ಹೊಸ ಗೋಡೆ ಎತ್ತುವ ಮೊದಲು ಸರಕಾರ ಆ ಹುದ್ದೆಗಳನ್ನು ತುಂಬಲಿ. ಆಕೆಗೂ ವಿಶ್ರಾಂತಿಯ ಕೋಣೆಯೊಂದನ್ನು, ಬಡತಿಯ ದಾರಿಯನ್ನು ಒದಗಿಸಲಿ.