ಪುಟ್ಟ ಕಾರ್ಟು, ದೊಡ್ಡ ರೊಕ್ಕ ಮತ್ತು ನಮ್ಮ ಬೈಲಹೊಂಗಲದ ಹುಡುಗರು

ಮೊದಲೇ ಹೇಳಿಬಿಡ್ತೀನಿ. ನಮ್ಮ ದೇಶದ ಹದಿಮೂರು ವರ್ಷದ ಹುಡುಗನೊಬ್ಬ ಮೊದಲ ಸಲ ಪರದೇಶಕ್ಕೆ ಹೋಗಿ, ಕಾರ್ಟ್ ಓಡಿಸಿ, ಇಪ್ಪತ್ತೈದನೇ ಸ್ಥಾನದಲ್ಲಿ ವಾಪಸ್ ಬಂದರೆ ಅದನ್ನು ಸೋಲು ಅಂತ ನಾನು ಒಪ್ಪೋದಿಲ್ಲ. ಎರಡನೇ ಸಲ ಹೋಗೋಕೆ ಅವನಿಗೆ ಆಗಲಿಲ್ಲವಲ್ಲ, ಅದು ಸೋಲು. ಅದು ಆ ಹುಡುಗನ ಸೋಲೂ ಅಲ್ಲ, ನಮ್ಮದು.

ನಮ್ಮ ಕಡೆ ಕಾರ್ಟ್ ಅಂದರೆ ಚಕ್ಕಡಿ ಅಂದುಕೊಳ್ಳೋ ಜನ ಇದ್ದಾರೆ, ತಪ್ಪಿಲ್ಲ :) ನಾನು ಹೇಳ್ತಿರೋದು ರೇಸಿಂಗ್ ಕಾರ್ಟ್. ನೆಲಕ್ಕೆ ಅಂಟಿಕೊಂಡ ಹಾಗೆ ಕಾಣೋ ಪುಟ್ಟ ಗಾಡಿ. 1956ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗಲ್ಸ್ ಅನ್ನೋ ಮೆಕ್ಯಾನಿಕ್ ಇದರ ಮೊದಲ ಮಾದರಿ ಮಾಡಿದ. ಇದಕ್ಕೆ ಸಸ್ಪೆನ್ಷನ್ ಇಲ್ಲ, ಡಿಫರೆನ್ಷಿಯಲ್ಲೂ ಇಲ್ಲ. ಹಿಂದಿನ ಎರಡೂ ಗಾಲಿ ಒಂದೇ ಅಚ್ಚಿನ ಮೇಲೆ ಒಂದೇ ವೇಗದಲ್ಲಿ ತಿರುಗುತ್ತವೆ. ತಿರುವಿನಲ್ಲಿ ಒಳಗಡೆಯ ಹಿಂದಿನ ಗಾಲಿ ನೆಲದಿಂದ ಚೂರು ಮೇಲೆ ಎದ್ದರೆ ಮಾತ್ರ ಗಾಡಿ ಸಲೀಸಾಗಿ ತಿರುಗತ್ತೆ. ಹಾಗೆ ಏಳಬೇಕಾದರೆ ಚಾಸಿ ಬಿಲ್ಲಿನ ಹಾಗೆ ಬಾಗಬೇಕು. ಸೀಟನ್ನು ಅರ್ಧ ಇಂಚು ಹಿಂದೆ ಮುಂದೆ ಮಾಡಿದರೂ ಗಾಡಿಯ ಸ್ವಭಾವ ಬದಲಾಗಿಬಿಡತ್ತೆ. ಹ್ಯಾಮಿಲ್ಟನ್ ಆಗಲಿ, ಶೂಮಾಕರ್ ಆಗಲಿ ಎಲ್ಲರೂ ಕಲಿತದ್ದು ಇದರ ಮೇಲೇ.

ಇಲ್ಲಿ ಕಲಿತ ಹುಡುಗ ಯುರೋಪಿಗೆ ಹೋದರೆ ಏನಾಗತ್ತೆ? ಒಂದು, ಇಲ್ಲಿ ಒಂದು ವಿಭಾಗದಲ್ಲಿ ಹತ್ತು ಹದಿನೈದು ಗಾಡಿ ನಿಂತರೆ ಅಲ್ಲಿ ಮೂವತ್ತಕ್ಕೂ ಹೆಚ್ಚು ನಿಲ್ಲುತ್ತವೆ. ಎರಡು, ಅಲ್ಲಿನ ಟ್ರ್ಯಾಕಿನ ಮೇಲೆ ದಿನವಿಡೀ ನೂರಾರು ಗಾಡಿ ಓಡಿ ರಬ್ಬರ್ ಕೂತು ಹಿಡಿತ ಜಾಸ್ತಿ ಆಗಿರತ್ತೆ. ನಮ್ಮ ಹುಡುಗ ಊರಲ್ಲಿ ಕಲಿತ ಬ್ರೇಕಿನ ಲೆಕ್ಕ ಅಲ್ಲಿ ಸುಳ್ಳಾಗತ್ತೆ. ಮೂರು, ಮುಂದಿನ ಬಂಪರ್. ಯಾರಿಗಾದರೂ ಗುದ್ದಿ ಅದು ಕಳಚಿ ಹಿಂದೆ ಸರಿದರೆ ಐದು ಸೆಕೆಂಡ್ ದಂಡ. ಮೂವತ್ತು ಗಾಡಿ ಒಂದೇ ತಿರುವಿಗೆ ನುಗ್ಗುವಾಗ ಗುದ್ದದೆ ಇರೋದು ಹೇಗೆ ಅಂತ ಇಲ್ಲಿ ಹತ್ತು ಗಾಡಿಯಲ್ಲಿ ಕಲಿಸೋಕೆ ಬರಲ್ಲ. ಐದು ಸೆಕೆಂಡ್ ಅಂದರೆ ಕೆಲವೊಮ್ಮೆ ಹತ್ತು ಸ್ಥಾನ! ಇಷ್ಟೆಲ್ಲ ಆದಮೇಲೆ ಹೀಟ್ಸ್ ದಾಟಿ ಫೈನಲ್‌ಗೆ ಹೋಗೋದೇ ಒಂದು ಸಾಧನೆ. ಪೇಪರಿನವರು ಮಾತ್ರ ಹೋಗುವಾಗ 'ಭಾರತದ ಭಾವಿ ಶೂಮಾಕರ್' ಅಂತ ಬರೀತಾರೆ, ಬರುವಾಗ ಒಂದು ಸಾಲೂ ಬರೆಯಲ್ಲ.

ನಮ್ಮ ರಾಜ್ಯದ ಉದಾಹರಣೆಯನ್ನೇ ತೊಗೊಳ್ಳೋಣ. ಬೆಂಗಳೂರಿನ ಅರ್ಜುನ್ ಮೈನಿ. 2011ರಲ್ಲಿ ಫೋರ್ಸ್ ಇಂಡಿಯಾ ತಂಡದವರು 'ಒನ್ ಫ್ರಮ್ ಎ ಬಿಲಿಯನ್' ಅಂತ ದೇಶದ ಹಲವು ನಗರಗಳಲ್ಲಿ ಹುಡುಕಾಟ ನಡೆಸಿದರು. ಕಾರ್ಟ್ ಓಡಿಸೋ ಮಕ್ಕಳನ್ನು ಪರೀಕ್ಷೆ ಮಾಡಿ ಆರಿಸೋದು, ಆರಿಸಿದವರಿಗೆ ಪರದೇಶದಲ್ಲಿ ಓಡಿಸೋ ಅವಕಾಶ ಕೊಡೋದು. ಗೆದ್ದಾಗ ಅರ್ಜುನನಿಗೆ ಹದಿಮೂರು ವರ್ಷ. ಅವನ ಜೊತೆ ಮುಂಬೈನ ಜೆಹಾನ್ ದಾರುವಾಲಾ, ಚೆನ್ನೈನ ತರುಣ್ ರೆಡ್ಡಿ ಕೂಡ ಆಯ್ಕೆಯಾದರು. ಆ ಒಂದು ಹುಡುಕಾಟದಿಂದ ಏನೇನಾಯ್ತು ನೋಡಿ. ಅರ್ಜುನ್ 2014ರಲ್ಲಿ ಬ್ರಿಟನ್ನಿನ ಬಿಆರ್‌ಡಿಸಿ ಎಫ್4 ಪಂದ್ಯಾವಳಿಯಲ್ಲಿ ಕೂದಲೆಳೆಯ ಅಂತರದಲ್ಲಿ ಎರಡನೆಯವನಾದ. ಮೊದಲನೆಯವನು ಯಾರು ಗೊತ್ತಾ? ಜಾರ್ಜ್ ರಸೆಲ್! 2017ರಲ್ಲಿ ಅರ್ಜುನ್ ಬಾರ್ಸಿಲೋನಾದಲ್ಲಿ ಜಿಪಿ3 ರೇಸ್ ಗೆದ್ದ, 2018ರಲ್ಲಿ ಎಫ್2ನಲ್ಲಿ ಓಡಿಸಿದ. ಜೆಹಾನ್ 2020ರಲ್ಲಿ ಸಾಖಿರ್‌ನಲ್ಲಿ ಎಫ್2 ರೇಸ್ ಗೆದ್ದ ಮೊದಲ ಭಾರತೀಯ ಆದ. ಅರ್ಜುನನ ತಮ್ಮ ಕುಶ್ ಮೈನಿ 2025ರ ಮೇ ತಿಂಗಳಲ್ಲಿ ಮೊನಾಕೊದಲ್ಲಿ ಎಫ್2 ಸ್ಪ್ರಿಂಟ್ ರೇಸ್ ಗೆದ್ದ. ಅಲ್ಲಿ ಗೆದ್ದ ಮೊದಲ ಭಾರತೀಯ ಅವನೇ.

ಪರದೇಶದಲ್ಲಿ ಎಲ್ಲ ಹೂವಿನ ಹಾಸಿಗೆ ಆಗಿರಲಿಲ್ಲ. 2018ರ ಜುಲೈನಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ರೇಸ್ ಮುಗಿದಮೇಲೆ ಅರ್ಜುನನ ಗಾಡಿಗೆ ಬೇಕಂತಲೇ ಬಂದು ಗುದ್ದಿದವನು ಅವನದೇ ತಂಡದ ಸ್ಯಾಂಟಿನೊ ಫೆರುಚಿ. ಆಯೋಜಕರು ಫೆರುಚಿಗೆ ನಾಲ್ಕು ರೇಸ್ ನಿಷೇಧ ಹಾಕಿದರು, ತಂಡವೂ ಅವನನ್ನು ಕೈಬಿಟ್ಟಿತು. ಮನೆ ಬಿಟ್ಟು ಹೋದ ಹುಡುಗ ಇದನ್ನೂ ತಡ್ಕೋಬೇಕು.

ಈಗ ಕಹಿ ಮಾತು. ಮೈನಿ ಸಹೋದರರ ಪ್ರತಿಭೆ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಅವರ ತಂದೆ ಗೌತಮ್ ಮೈನಿ ಸ್ವತಃ ರೇಸ್ ಓಡಿಸಿದವರು, ದೊಡ್ಡ ಉದ್ಯಮಿ. ರೇವಾ ಎಲೆಕ್ಟ್ರಿಕ್ ಕಾರು ನೆನಪಿದೆಯಲ್ಲ, ಅದೇ ಮನೆತನ. ನಮ್ಮ ಗಡಿಯಾಚೆ ಕೊಲ್ಲಾಪುರದಿಂದ ಹೋಗಿ ಬ್ರಿಟಿಷ್ ಎಫ್3ನಲ್ಲಿ ಓಡಿಸಿದ ಕೃಷ್ಣರಾಜ ಮಹಾಡಿಕನ ತಂದೆ ಸಂಸದರಾಗಿದ್ದವರು. ಮಕ್ಕಳಿಗೆ ಅವಕಾಶ ಕೊಟ್ಟ ತಂದೆಯರನ್ನು ಬೈಯೋದು ನನ್ನ ಉದ್ದೇಶ ಅಲ್ಲ. ಉಳಿದವರ ಗತಿ ಏನು ಅನ್ನೋದಷ್ಟೇ ನನ್ನ ಪ್ರಶ್ನೆ.

ಮರ್ಸಿಡಿಸ್ ತಂಡದ ಮುಖ್ಯಸ್ಥ ಟೊಟೊ ವೂಲ್ಫ್ ಕೆಲವು ವರ್ಷಗಳ ಹಿಂದೆ ಒಂದು ಲೆಕ್ಕ ಹೇಳಿದ್ದರು. ಕಾರ್ಟ್‌ನಿಂದ ಶುರುಮಾಡಿ ಎಫ್1ರ ಬಾಗಿಲ ತನಕ ಹೋಗೋಕೆ ಸುಮಾರು 80 ಲಕ್ಷ ಯೂರೋ ಬೇಕು, ಅದರಲ್ಲಿ ಕಾರ್ಟಿಂಗಿಗೇ 10 ಲಕ್ಷ ಯೂರೋ. ಅಂದರೆ ಕಾರ್ಟಿಂಗಿಗೆ ಮಾತ್ರ ಹತ್ತಿರ ಹತ್ತಿರ 10 ಕೋಟಿ ರೂಪಾಯಿ. ಇದನ್ನು ನಮ್ಮ ಕಡೆಯ ಲೆಕ್ಕಕ್ಕೆ ತರೋಣ. 2025ರ ನವೆಂಬರ್‌ನಲ್ಲಿ ನಮ್ಮ ಜಿಲ್ಲೆಯ ರೈತರು ಗುರ್ಲಾಪುರದಲ್ಲಿ ರಸ್ತೆ ಮೇಲೆ ಕೂತು ಹೋರಾಡಿದ ಮೇಲೆ ಸರ್ಕಾರ ಹೇಳಿದ್ದು ಟನ್ ಕಬ್ಬಿಗೆ 3300 ರೂಪಾಯಿ. 10 ಕೋಟಿಗೆ 30 ಸಾವಿರ ಟನ್ ಕಬ್ಬು ಆಯ್ತು. ಎಕರೆಗೆ 40 ಟನ್ ಹಿಡಿದರೂ 750 ಎಕರೆ! ಅದೂ ಗೊಬ್ಬರ, ನೀರು, ಆಳು ಯಾವ ಖರ್ಚೂ ಕಳೆಯದೆ. ಈ ಲೆಕ್ಕ ಕೇಳಿದ ನಮ್ಮೂರ ಹಿರಿಯರೊಬ್ಬರು "ಅಂದ್ರ ಇಡೀ ಊರ ಮಾರಿದ್ರೂ ಒಬ್ಬ ಹುಡುಗ ಹೋಗಂಗಿಲ್ಲೇನಪಾ" ಅಂದರು. ನಾನು ಏನು ಹೇಳಲಿ...

ನಮ್ಮ ಕಡೆ ಗಾಡಿ ಓಡಿಸೋ ಹುಚ್ಚಿಗೆ ಬರ ಇಲ್ಲ. ಬೈಲಹೊಂಗಲದಿಂದ ಸವದತ್ತಿ ಕಡೆಗೆ ಹೋಗುವ ಹಳ್ಳಿಗಳಲ್ಲಿ ನೋಡಿ. ಚಕ್ಕಡಿ ಓಟ ಇದೆ, ತೆರಬಂಡಿ ಇದೆ, ಕಾರಹುಣ್ಣಿಮೆಗೆ ಕರಿ ಹರಿಯೋದಿದೆ. 2014ರಲ್ಲಿ ಸುಪ್ರೀಂ ಕೋರ್ಟ್ ಗಾಡಿ ಓಟ ನಿಲ್ಲಿಸಿದಾಗ ಊರಿಗೂರೇ ಮುಖ ಸಣ್ಣ ಮಾಡಿಕೊಂಡಿತ್ತು. 2017ರಲ್ಲಿ ರಾಜ್ಯ ಕಾನೂನು ತಿದ್ದಿತು, 2023ರ ಮೇ 18ರಂದು ಸುಪ್ರೀಂ ಕೋರ್ಟೇ ಆ ತಿದ್ದುಪಡಿ ಒಪ್ಪಿತು. ಈಗ ಟ್ರ್ಯಾಕ್ಟರ್ ರಿವರ್ಸ್ ಸ್ಪರ್ಧೆಯೂ ಸೇರಿಕೊಂಡಿದೆ. ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ಗೆರೆ ತಪ್ಪದ ಹಾಗೆ ಹಿಂದಕ್ಕೆ ಓಡಿಸೋದು. ಒಮ್ಮೆ ಪ್ರಯತ್ನ ಮಾಡಿದವರಿಗೇ ಗೊತ್ತು ಅದರ ಕಷ್ಟ. ಹಿಂದಿನ ಗಾಲಿ ಎಲ್ಲಿದೆ ಅಂತ ಬೆನ್ನಿನಿಂದಲೇ ತಿಳ್ಕೊಳ್ಳೋ ಆ ಬುದ್ಧಿ ಇದೆಯಲ್ಲ, ಕಾರ್ಟ್ ಓಡಿಸೋನಿಗೆ ಬೇಕಾದದ್ದೂ ಅದೇ ಅಂತ ನನ್ನ ಅನಿಸಿಕೆ.

ಹಾಗಂತ ಹನ್ನೆರಡು ವರ್ಷದ ಹುಡುಗನ ಕೈಗೆ ಟ್ರ್ಯಾಕ್ಟರ್ ಕೊಡೋದನ್ನು ನಾನು ಹೊಗಳೋದಿಲ್ಲ. 2019ರ ತಿದ್ದುಪಡಿಯ ನಂತರ ವಯಸ್ಸಾಗದ ಮಗ ಗಾಡಿ ಓಡಿಸಿ ತಪ್ಪು ಮಾಡಿದರೆ ತಂದೆಗೆ 25,000 ರೂಪಾಯಿ ದಂಡ, ಮೂರು ವರ್ಷದ ತನಕ ಜೈಲು. ಕಿತ್ತೂರಿನ ಹತ್ತಿರ ಹೆದ್ದಾರಿಯಲ್ಲಿ ಬೈಕಿನ ಮೇಲೆ ಮಲಗಿ ಓಡಿಸೋ ಹುಡುಗರನ್ನು ನೋಡಿದರೆ ಎದೆ ಝಲ್ ಅನ್ನತ್ತೆ. ಸಣ್ಣ ಹುಡುಗ ಕಾನೂನು ಮೀರದೆ, ಹೆಲ್ಮೆಟ್ ಹಾಕಿ, ಇನ್ನೊಬ್ಬರ ಜೀವಕ್ಕೆ ಕುತ್ತು ತರದೆ ವೇಗ ನೋಡೋ ಜಾಗ ಕಾರ್ಟ್ ಟ್ರ್ಯಾಕ್ ಒಂದೇ. ಅದೂ ನಮಗೆ ಹತ್ತಿರ ಅಂದರೆ ಬೆಂಗಳೂರಿಗಿಂತ ಕೊಲ್ಲಾಪುರವೇ ಹತ್ತಿರ. ಅಲ್ಲಿನ ಮೋಹಿತೆ ರೇಸಿಂಗ್ ಅಕಾಡೆಮಿಯ ಟ್ರ್ಯಾಕಿನಲ್ಲಿ 2010ರ ದಶಕದಲ್ಲಿ ರಾಷ್ಟ್ರೀಯ ಕಾರ್ಟಿಂಗ್ ಸುತ್ತುಗಳು ನಡೆದಿವೆ.

ಕೊಲ್ಲಾಪುರ ಅಂದಾಗ ಇನ್ನೊಂದು ಕಥೆ ಹೇಳಲೇಬೇಕು. ಇದು ಕುಸ್ತಿಯ ಕಥೆ, ಆದರೆ ನನ್ನ ವಾದ ಪೂರ್ತಿ ಇದರಲ್ಲೇ ಇದೆ. ಖಾಶಾಬಾ ಜಾಧವ ಕೆಮ್ಮಣ್ಣಿನ ಅಖಾಡದಲ್ಲಿ ಬೆಳೆದ ಪೈಲವಾನ. 1948ರಲ್ಲಿ ಮೊದಲ ಸಲ ಪರದೇಶಕ್ಕೆ, ಲಂಡನ್ ಒಲಿಂಪಿಕ್ಸ್‌ಗೆ ಹೋದರು. ಅಲ್ಲಿ ಮಣ್ಣಿಲ್ಲ, ಮ್ಯಾಟ್! ನಿಯಮಗಳೂ ಬೇರೆ. ಆರನೇ ಸ್ಥಾನ ಬಂತು. ಆ ಖರ್ಚು ಕೊಟ್ಟವರು ಕೊಲ್ಲಾಪುರದ ಮಹಾರಾಜರು. 1952ರಲ್ಲಿ ಹೆಲ್ಸಿಂಕಿಗೆ ಹೋಗೋಕೆ ರೊಕ್ಕ ಸಾಲದಾದಾಗ ಅವರು ಓದಿದ ರಾಜಾರಾಮ್ ಕಾಲೇಜಿನ ಪ್ರಿನ್ಸಿಪಾಲ್ ಖರ್ಡೀಕರ್ ತಮ್ಮ ಮನೆ ಒತ್ತೆ ಇಟ್ಟು 7000 ರೂಪಾಯಿ ಕೊಟ್ಟರು. ಕಂಚಿನ ಪದಕ ಬಂತು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಅದು.

ಗಮನಿಸಿ, ಮೊದಲ ಪ್ರಯಾಣ ಮ್ಯಾಟ್ ಅಂದರೇನು ಅಂತ ಕಲಿಸಿತು, ಎರಡನೇ ಪ್ರಯಾಣ ಪದಕ ತಂತು. ಲಂಡನ್ನಿನ ಆರನೇ ಸ್ಥಾನ ನೋಡಿ "ಸಾಕು ಬಿಡು" ಅಂದಿದ್ದರೆ ಹೆಲ್ಸಿಂಕಿ ಇರುತ್ತಿರಲಿಲ್ಲ. ಎರಡೂ ಸಲ ರೊಕ್ಕ ಬಂದದ್ದು ಪೈಲವಾನನ ಅಪ್ಪನ ಕಿಸೆಯಿಂದ ಅಲ್ಲ.

ಇದು ಹಳೇ ಕಾಲದ ಮಾತು ಅನ್ನಬೇಡಿ. ನಮ್ಮ ಬೆಳಗಾವಿ ತಾಲೂಕಿನ ತುರಮುರಿಯ ರೈತನ ಮಗಳು ಮಲಪ್ರಭಾ ಜಾಧವ 2018ರಲ್ಲಿ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಕುರಾಶ್ ಆಟದಲ್ಲಿ ಕಂಚು ತಂದಳು. ಅವಳು ತಯಾರಾದದ್ದು ಬೆಳಗಾವಿಯ ಸರ್ಕಾರಿ ಕ್ರೀಡಾ ಹಾಸ್ಟೆಲಿನಲ್ಲಿ. ಬಾಗಿಲು ಒಂದಿದ್ದರೆ ಸಾಕು, ನಮ್ಮ ಮಕ್ಕಳು ದಾಟಿ ಹೋಗ್ತಾರೆ.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂದ ಹಾಗಾಯ್ತು. ಕುಸ್ತಿಗೂ ಜುಡೋಗೂ ಹಾಸ್ಟೆಲ್ ಸಾಲದು, ಇವನಿಗೆ ಕಾರ್ಟ್ ಬೇಕಂತೆ" ಅಂತ ನೀವು ಅನ್ನಬಹುದು. ನ್ಯಾಯವಾದ ಮಾತು. ಸರ್ಕಾರ 10 ಕೋಟಿ ಕೊಡಲಿ ಅಂತ ನಾನೂ ಕೇಳ್ತಿಲ್ಲ, ಕೇಳಲೂಬಾರದು. ಅಷ್ಟು ರೊಕ್ಕದಲ್ಲಿ ನೂರು ಮಲಪ್ರಭಾರನ್ನು ಬೆಳೆಸಬಹುದು. ನಾನು ಕೇಳ್ತಿರೋದು ಬಹಳ ಸಣ್ಣದು.

ಪ್ರತಿ ವರ್ಷ ಅಕ್ಟೋಬರ್ 23ರಿಂದ ಕಿತ್ತೂರು ಉತ್ಸವ ನಡೆಯತ್ತೆ. ಕುಸ್ತಿ ಇರತ್ತೆ, ಜನ ಸೇರ್ತಾರೆ. ಆಗಲೇ ಎರಡು ದಿನ ಬಾಡಿಗೆ ಕಾರ್ಟ್ ತರಿಸಿ, ಹುಲ್ಲಿನ ಪೆಂಡಿ, ಟೈರು ಜೋಡಿಸಿ ಒಂದು ತಾತ್ಕಾಲಿಕ ಟ್ರ್ಯಾಕ್ ಮಾಡಿ, ಹತ್ತರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ಬಿಟ್ಟಿ ಪರೀಕ್ಷೆ ಮಾಡಲಿ. ಹುಡುಗಿಯರಿಗೂ ಮುಕ್ತ ಇರಲಿ, ಚೆನ್ನಮ್ಮನ ಊರಲ್ಲಿ ಅದನ್ನು ಬೇರೆ ಹೇಳಬೇಕಾ? ಗಡಿಯಾರ ಯಾರ ಜಾತಿ, ಯಾರ ಹೊಲ ಅಂತ ಕೇಳೋದಿಲ್ಲ. ಅದರಲ್ಲಿ ಇಬ್ಬರನ್ನು ಆರಿಸಿ ಒಂದು ವರ್ಷ ಕೊಲ್ಲಾಪುರಕ್ಕೋ ಬೆಂಗಳೂರಿಗೋ ಕಳಿಸಿ ಕಲಿಸಲಿ. ರಾಮದುರ್ಗದ ಸಂಸ್ಥಾನ 1948ರಲ್ಲೇ ಮುಗೀತು. ಖರ್ಚು ಕೊಡೋ ರಾಜರು ಈಗ ಇಲ್ಲ, ಆದರೆ ಸಕ್ಕರೆ ಕಾರ್ಖಾನೆಗಳಿವೆ, ಟ್ರ್ಯಾಕ್ಟರ್ ಕಂಪನಿಗಳಿವೆ. ನಮ್ಮ ಕಬ್ಬಿನಿಂದ, ನಮ್ಮ ಕಂತಿನಿಂದ ಬೆಳೆದವರು ಇಷ್ಟು ಮಾಡೋಕೆ ಆಗಲ್ವಾ? ಇಬ್ಬರಲ್ಲಿ ಒಬ್ಬ ಪರದೇಶಕ್ಕೆ ಹೋಗೋ ಮಟ್ಟಕ್ಕೆ ಬಂದರೆ ಶುರುವಿನಲ್ಲೇ ಎರಡು ಪ್ರಯಾಣದ ರೊಕ್ಕ ತೆಗೆದಿಡಲಿ. ಒಂದೇ ಪ್ರಯಾಣಕ್ಕೆ ಕಳಿಸೋದಾದರೆ ಕಳಿಸೋದೇ ಬೇಡ. ಅದು ಹುಡುಗನಿಗೆ ಆಸೆ ತೋರಿಸಿ ಬಾಗಿಲು ಹಾಕಿದ ಹಾಗೆ.

ಎಲ್ಲರೂ ಡ್ರೈವರ್ ಆಗಬೇಕಿಲ್ಲ. ಒಂದು ಕಾರ್ಟಿನ ಹಿಂದೆ ಮೆಕ್ಯಾನಿಕ್, ಎಂಜಿನ್ ಟ್ಯೂನ್ ಮಾಡೋನು, ಡೇಟಾ ಓದೋನು ಎಲ್ಲ ಇರ್ತಾರೆ. ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಗಳಿವೆ, ವಿಟಿಯು ನಮ್ಮ ಜಿಲ್ಲೆಯಲ್ಲೇ ಇದೆ. ಕಾರ್ಟ್ ಓಡಿಸೋಕೆ ಬಂದು ಕಾರ್ಟ್ ಕಟ್ಟೋಕೆ ಕಲಿತ ಹುಡುಗನೂ ನನ್ನ ಲೆಕ್ಕದಲ್ಲಿ ಗೆದ್ದವನೇ.

ಇಷ್ಟು ಮಾಡಿದರೆ ನಮ್ಮ ಹುಡುಗ ಎಫ್1ಗೆ ಹೋಗ್ತಾನೆ ಅಂತ ನಾನು ಸುಳ್ಳು ಹೇಳಲ್ಲ. ಅರ್ಜುನ್ ಮೈನಿ ಬೆನ್ನಿಗೆ 2017ರಲ್ಲಿ ಎಫ್1ರ ಹಾಸ್ ತಂಡವೇ ನಿಂತಿತ್ತು, ಆದರೂ ಎಫ್1 ಸೀಟು ಸಿಗಲಿಲ್ಲ. ಅವನು ಜರ್ಮನಿಯ ಡಿಟಿಎಂಗೆ ಹೋಗಿ ಅಲ್ಲಿ ಓಡಿಸಿದ ಮೊದಲ ಭಾರತೀಯ ಆದ. ಅದೇನು ಕಡಿಮೆಯಾ? ನಾನು ಕೇಳೋದು ಇಷ್ಟೇ, ಕೈಲಾಗದವನು ಗಡಿಯಾರದ ಮುಂದೆ ಸೋಲಲಿ, ಅಪ್ಪನ ಪಾಸ್‌ಬುಕ್ಕಿನ ಮುಂದೆ ಬೇಡ.

ಮುಂದಿನ ಸಲ ನಮ್ಮ ನಾಡಿನ ಪುಟ್ಟ ರೇಸರ್ ಪರದೇಶದಲ್ಲಿ ಹಿಂದೆ ಬಿದ್ದ ಸುದ್ದಿ ಓದಿದಾಗ ನಗುವ ಮೊದಲು ಎಷ್ಟು ಗಾಡಿಗಳಲ್ಲಿ ಎಷ್ಟನೆಯವನು, ಇದು ಅವನ ಎಷ್ಟನೇ ಸಲ ಅಂತ ಒಮ್ಮೆ ಕೇಳಿ. ಆಮೇಲೆ, ಮತ್ತೆ ಹೋಗ್ತಾನಾ ಅಂತಲೂ ಕೇಳಿ.

ನಿಮಗೇನನ್ಸತ್ತೆ?