ಔಷಧದ ಕಿಟಕಿಯಲ್ಲಿ ಕನ್ನಡ



ಹೊಸೂರು, ಡೆಂಕಣಿಕೋಟೆ, ತಳಿ, ಶೂಲಗಿರಿ ಕಡೆಯ ನಮ್ಮ ಹಳ್ಳಿಗಳಲ್ಲಿ ಕನ್ನಡದ ಪ್ರಸ್ತಾಪ ಬಂದಾಗಲೆಲ್ಲ ಶಾಲೆಯ ವಿಷಯವೇ ಮುಂದಾಗುತ್ತದೆ. ಅದು ಯುಕ್ತವೇ ಸರಿ. ಆದರೆ ಪ್ರಾಣಕ್ಕೇ ಸಂಬಂಧಿಸಿದ ಇನ್ನೊಂದು ಸ್ಥಳದ ಕಡೆಗೆ ನಮ್ಮ ಗಮನ ಸಾಕಷ್ಟು ಹರಿದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಕೊಡುವ ಕಿಟಕಿಯೇ ಆ ಸ್ಥಳ.

ಔಷಧದ ಅಭಾವವನ್ನು ನಾವು ಇಲ್ಲಿ ದೂರುತ್ತಿಲ್ಲ. ತಮಿಳುನಾಡು ಸರ್ಕಾರವು 1994ರಲ್ಲಿ ಸ್ಥಾಪಿಸಿದ ವೈದ್ಯಕೀಯ ಸೇವಾ ನಿಗಮದ ಮೂಲಕ ಔಷಧಗಳನ್ನು ಒಟ್ಟಾಗಿ ಕೊಂಡು ಆಸ್ಪತ್ರೆಗಳಿಗೆ ಒದಗಿಸುವ ಏರ್ಪಾಡು ಇತರ ರಾಜ್ಯಗಳಿಗೂ ಮಾದರಿಯಾಯಿತು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಮಾತ್ರೆಗಳನ್ನು ರೋಗಿಯ ಮನೆಗೇ ತಲುಪಿಸುವ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯು 2021ರ ಆಗಸ್ಟ್ 5ರಂದು ಆರಂಭವಾದುದೂ ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿಯೇ. (ಅಲ್ಲಿ ‘ಮಕ್ಕಳ್’ ಎಂದರೆ ಜನರು, ನಮ್ಮ ಅಜ್ಜಿಯೊಬ್ಬಳು ಅದನ್ನು ಎಳೆಯ ಮಕ್ಕಳ ಔಷಧವೆಂದು ತಿಳಿದರೆ ತಪ್ಪು ಅವಳದಲ್ಲ.)

ಆದರೆ ಮಾತ್ರೆ ಕೈಸೇರಿದ ಮಾತ್ರಕ್ಕೆ ಕೆಲಸ ಮುಗಿಯದು. ಅದನ್ನು ಎಷ್ಟು, ಯಾವ ಹೊತ್ತಿಗೆ, ಊಟಕ್ಕೆ ಮೊದಲೋ ಆಮೇಲೋ ಎಂಬುದು ತಿಳಿಯಬೇಕು. ಎರಡೂ ಸೋದರ ಭಾಷೆಗಳಾದುದರಿಂದಲೇ ಇಲ್ಲೊಂದು ತೊಡಕುಂಟು. ತಮಿಳಿನಲ್ಲಿ ಊಟಕ್ಕೆ ‘ಮುನ್ನಾಡಿ’ ಎಂದರೆ ಮೊದಲು. ‘ಪಿನ್’ ಎಂದರೆ ಆಮೇಲೆ. ಅದೇ ಬೇರಿನಿಂದ ಬಂದ ನಮ್ಮ ‘ಮುಂದೆ’ ಬರಲಿರುವ ಕಾಲವನ್ನೂ, ‘ಹಿಂದೆ’ ಕಳೆದ ಕಾಲವನ್ನೂ ಹೇಳುತ್ತವೆ. ತಮಿಳು ಬಲ್ಲವರಿಗೆ ಇದರಿಂದ ಬಾಧೆಯಿಲ್ಲ. ಆನೇಕಲ್ ಕಡೆಯಿಂದ ಮದುವೆಯಾಗಿ ಬಂದ ಸೊಸೆಗೆ, ತಳಿಯ ಕಾಡಂಚಿನ ವೃದ್ಧರಿಗೆ ಅರ್ಥವು ತಲೆಕೆಳಗಾಗಬಹುದು. ಥೈರಾಯ್ಡ್ ಮಾತ್ರೆಯನ್ನು ಬರಿಹೊಟ್ಟೆಯಲ್ಲಿಯೂ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಯನ್ನು ಊಟದೊಡನೆಯೂ ಸೇವಿಸಬೇಕಾಗಿರುವಾಗ ಇದು ನಗುವ ಮಾತಲ್ಲ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಸೇವಿಸಿದವರ ಮೂತ್ರವು ಕಿತ್ತಳೆಗೆಂಪಾಗುತ್ತದೆ. ಅದು ರಕ್ತವಲ್ಲ, ಔಷಧದ ಬಣ್ಣವೆಂದು ಮೊದಲೇ ತಿಳಿಸದಿದ್ದರೆ ರೋಗಿ ಹೆದರಿ ಮಾತ್ರೆಯನ್ನೇ ಬಿಟ್ಟಾನು. ತಿಂಗಳುಗಟ್ಟಲೆ ನಡೆಯಬೇಕಾದ ಆ ಚಿಕಿತ್ಸೆ ನಡುವೆ ನಿಂತರೆ ರೋಗ ಮರುಕಳಿಸುವುದಲ್ಲದೆ ಔಷಧಕ್ಕೂ ಜಗ್ಗದಂತಾಗಬಹುದು.

ಗಡಿಯವರಿಗೆ ಇನ್ನೊಂದು ಅಪಾಯವಿದೆ. ಹೊಸೂರಿನಿಂದ ಬೆಂಗಳೂರು ಸುಮಾರು 40 ಕಿಲೋಮೀಟರು. ನಿಮ್ಹಾನ್ಸಿಗೋ ಜಯದೇವ ಆಸ್ಪತ್ರೆಗೋ ಹೋಗಿಬಂದವರ ಮನೆಯಲ್ಲಿ ಅಲ್ಲಿಯ ಚೀಟಿಯ ಮಾತ್ರೆ ಒಂದು ಹೆಸರಿನಲ್ಲಿ, ಊರ ಆರೋಗ್ಯ ಕೇಂದ್ರದ ಮಾತ್ರೆ ಇನ್ನೊಂದು ಹೆಸರಿನಲ್ಲಿ ಇರಬಹುದು. ಕಂಪನಿಯ ಹೆಸರು ಬೇರೆ, ಒಳಗಿನ ಮದ್ದು ಒಂದೇ. ಎರಡನ್ನೂ ನುಂಗಿದರೆ ರಕ್ತದೊತ್ತಡ ಮಿತಿಮೀರಿ ಇಳಿದು ತಲೆಸುತ್ತಿ ಬೀಳುವುದುಂಟು. ಎರಡು ಚೀಟಿಗಳನ್ನೂ ಕೂಡಿಸಿ ಓದಿ ಇದನ್ನು ಕಂಡುಹಿಡಿಯಬಲ್ಲವರು ನಮ್ಮ ಹಿರಿಯರು ಕಂಪೌಂಡರ್ ಎನ್ನುತ್ತಿದ್ದ, ಇಂದಿನ ಫಾರ್ಮಸಿಸ್ಟರು.

ಹೀಗೆ ತಿಳಿಹೇಳುವುದು ಅವರಿಗೆ ಕಾನೂನೇ ವಿಧಿಸಿದ ಕರ್ತವ್ಯ. ಭಾರತೀಯ ಫಾರ್ಮಸಿ ಪರಿಷತ್ತಿನ 2015ರ ನಿಯಮಗಳು ಔಷಧದ ಹೆಸರು, ಪ್ರಮಾಣ, ಅಡ್ಡಪರಿಣಾಮ, ಇಡುವ ಬಗೆ, ಒಂದು ಹೊತ್ತು ಮರೆತರೆ ಮಾಡಬೇಕಾದುದು, ಇವುಗಳನ್ನು ರೋಗಿಗೆ ವಿವರಿಸಬೇಕೆನ್ನುತ್ತವೆ. ರೋಗಿಗೆ ಅರ್ಥವಾಗದ ನುಡಿಯಲ್ಲಿ ಹೇಳಿದುದು ವಿವರಣೆ ಹೇಗಾದೀತು? ಉದ್ದನೆಯ ಸಾಲಿನ ಮುಂದೆ ಒಬ್ಬರೇ ಕುಳಿತವರ ಕಷ್ಟವನ್ನು ನಾವು ಬಲ್ಲೆವು. ನಮ್ಮ ಆಗ್ರಹ ಅವರ ಮೇಲಲ್ಲ, ಅವರನ್ನು ನೇಮಿಸುವವರ ಮೇಲೆ. ರೋಗಿಗಳೊಡನೆ ಕೆಲಸ ಮಾಡುವ ಔಷಧ ತಜ್ಞರನ್ನು ಮೈಸೂರು ಮತ್ತು ಊಟಿಗಳ ಜೆಎಸ್‌ಎಸ್ ಫಾರ್ಮಸಿ ಕಾಲೇಜುಗಳು ಬಹುಕಾಲದಿಂದ ತಯಾರಿಸುತ್ತಿವೆ. ಒಂದು ಗಡಿಯ ಆಚೆಗಿದೆ, ಒಂದು ಈಚೆಗಿದೆ. ಕನ್ನಡ, ತಮಿಳು ಎರಡನ್ನೂ ಬಲ್ಲ ತರುಣರು ನಮ್ಮ ಹಳ್ಳಿಗಳಲ್ಲಿಯೇ ಇದ್ದಾರೆ.

ಆದುದರಿಂದ ಹೊಸೂರು ಮೊದಲಾದ ಗಡಿಯ ಆಸ್ಪತ್ರೆಗಳಲ್ಲಿ ಕನ್ನಡ ಬಲ್ಲ ಒಬ್ಬರಾದರೂ ಔಷಧದ ಕಿಟಕಿಯಲ್ಲಿರಬೇಕೆಂದೂ, ಮಾತ್ರೆಯ ಲಕೋಟೆಯ ಮೇಲೆ ತಮಿಳಿನ ಕೆಳಗೆ ಕನ್ನಡವೂ, ಓದುಬಾರದವರಿಗಾಗಿ ಸೂರ್ಯ ಚಂದ್ರರ ಚಿತ್ರವೂ ಇರಬೇಕೆಂದೂ ಪ್ರತಿಯೊಂದು ಊರಿನಿಂದ ಜಿಲ್ಲಾಧಿಕಾರಿಗಳಿಗೆ ಮನವಿ ಹೋಗಲಿ. ಮನವಿಯನ್ನು ಕನ್ನಡದಲ್ಲಿಯೇ ಬರೆಯಬಹುದು. ಸಂವಿಧಾನದ 350ನೆಯ ವಿಧಿ ಆ ಹಕ್ಕನ್ನು ಕೊಟ್ಟಿದೆ. ಅಲ್ಲಿಯವರೆಗೆ, ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರುವ ಮಾತ್ರೆಗಳೆಲ್ಲವನ್ನೂ ಬೆಂಗಳೂರಿನ ಚೀಟಿಗಳನ್ನೂ ಒಂದೇ ಚೀಲದಲ್ಲಿ ಒಯ್ಯಿರಿ. ಕೇಳಿಕೊಂಡುದನ್ನು ಕಿಟಕಿಯ ಬಳಿಯೇ ನಿಮ್ಮ ಮಾತಿನಲ್ಲಿ ಒಮ್ಮೆ ತಿರುಗಿ ಹೇಳಿ, ಸರಿಯೆನಿಸಿಕೊಂಡ ಮೇಲೆಯೇ ಮನೆಗೆ ಹೊರಡಿರಿ.